ಕೊಟ್ಟಿಗೆಗೊಂದು ಅಮೆರಿಕದ ಬ್ಯಾಂಕು

ನಮ್ಮ ಕಡೆ ಯಾರೂ ಯಾವುದನ್ನೂ 'ನನ್ನದು' ಎಂದು ಹೇಳಿಕೊಳ್ಳುವುದಿಲ್ಲ. ಎರಡಂತಸ್ತಿನ ಮನೆ ಕಟ್ಟಿಸಿದವನು "ಏನೋ ಒಂದು ಗೂಡು ಮಾಡ್ಕೊಂಡಿದೀವಿ" ಎನ್ನುತ್ತಾನೆ. ಹೊಸ ಕಾರಿನಿಂದ ಇಳಿದವನನ್ನು ವಿಚಾರಿಸಿದರೆ "ನಮ್ಮ ಮಾವನೋರ್ದು, ನಾನು ಓಡಿಸ್ತೀನಿ ಅಷ್ಟೆ" ಎಂದು ನಾಚಿಕೊಳ್ಳುತ್ತಾನೆ. ಮಾವನಿಗೆ ಆ ಕಾರಿನ ಬಣ್ಣವೂ ಗೊತ್ತಿರುವುದಿಲ್ಲ. ಇರುವುದೆಲ್ಲ ದೇವರದು, ದೊಡ್ಡವರದು, ನಾವು ನೋಡಿಕೊಳ್ಳುವವರು. ಹೀಗೆ ಮಾತಾಡದೆ ನೇರವಾಗಿ ನನ್ನದು ಎಂದವನನ್ನು ಜನ ಒಂದು ಸಲ ಮೇಲಿಂದ ಕೆಳಗೆ ನೋಡಿ, ತುಂಬಿದ ಕೊಡ ತುಳುಕುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ. ಈ ವಿನಯ ನನ್ನಲ್ಲಿ ನಾಲ್ಕು ಜನಕ್ಕಿಂತ ಹೆಚ್ಚಾಗಿಯೇ ಇದೆ ಎಂಬ ಹೆಮ್ಮೆ ನನಗಿತ್ತು. ವಿನಯಕ್ಕೆ ಹೆಮ್ಮೆ ಪಡುವವನಿಗೆ ಏನಾಗಬೇಕೋ ಅದೇ ನನಗೆ ಆಯಿತು. ಅದನ್ನು ಮಾಡಿದ್ದು ಮಾತ್ರ ಅಮೆರಿಕದ ಒಂದು ಬ್ಯಾಂಕು.

ನಾನು ಹೊಸೂರಿನ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದಲ್ಲಿದ್ದೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಮನೆಯಲ್ಲಿ ಅದೇ ಕೆಲಸವನ್ನು ನನ್ನ ಹೆಂಡತಿ ಸಂಬಳವಿಲ್ಲದೆ ಮಾಡುತ್ತಾಳೆ. ಕೆಲಸ ಬಿಟ್ಟು ಉದ್ದನಪಲ್ಲಿಗೆ ಬಂದು ಕುಳಿತಾಗ ಕೈ ಸುಮ್ಮನಿರಲಿಲ್ಲ. ನಮ್ಮಣ್ಣ ಮುನಿರಾಜಣ್ಣ ಟೊಮೇಟೊ ಬೆಳೆಯುವವನು; ಉಳುಮೆಗೆ ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳನ್ನು ಮಾರಿದ್ದ. ಕೊಟ್ಟಿಗೆಯ ಗೂಟದಲ್ಲಿ ಅವುಗಳ ಕೊರಳ ಗಂಟೆಗಳು ಧೂಳು ತಿನ್ನುತ್ತಿದ್ದವು. ಹುಣಸೆಹಣ್ಣು ಹಾಕಿ ಒಂದನ್ನು ತಿಕ್ಕಿ, ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಹಾಕಿದೆ. ಅಮೆರಿಕದ ಯಾರೋ ಒಬ್ಬಾಕೆ ಅದನ್ನು ಕೊಂಡು ಅಡುಗೆಮನೆ ಬಾಗಿಲಿಗೆ ಕಟ್ಟಿಕೊಂಡಳಂತೆ. ಆಕೆಯ ನೆಂಟರಿಗೂ ಬೇಕಾಯಿತು, ನೆಂಟರ ನೆಂಟರಿಗೂ ಬೇಕಾಯಿತು. ಅಂಥದೇ ಗಂಟೆಗಳನ್ನು ಎರಕ ಹೊಯ್ಯಿಸಿ ತಂದು, ಪಟ್ಟಿಗೆ ಪೋಣಿಸಿ, ಡಬ್ಬಕ್ಕೆ ತುಂಬಿ ಕಳಿಸುವುದೇ ನನ್ನ ಉದ್ಯೋಗವಾಯಿತು.

ಕೊಟ್ಟಿಗೆಯನ್ನು ತೊಳೆದು, ಸುಣ್ಣ ಬಳಿದು ಬಿಟ್ಟುಕೊಟ್ಟವನು ಅಣ್ಣ. ನಾನು ಕೇಳಲೂ ಇಲ್ಲ, ಅವನು ಕೊಟ್ಟೆ ಎನ್ನಲೂ ಇಲ್ಲ. ಅಪ್ಪ ಹೋದ ಮೇಲೂ ನಮ್ಮಲ್ಲಿ ಭಾಗವಾಗಿರಲಿಲ್ಲ. ಅಳೆಯುವ ಸರಪಳಿ ನಮ್ಮ ಹೊಲಕ್ಕೆ ಕಾಲಿಟ್ಟಿರಲಿಲ್ಲ. ಬೆಳಿಗ್ಗೆ ಹೊಲಕ್ಕೆ ಹೋಗುವ ಮುಂಚೆ ಅಣ್ಣ ಬಂದು, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ, ತನ್ನ ಎತ್ತಿನ ಹಳೇ ಗಂಟೆಯನ್ನು ಒಂದು ಸಲ ಅಲ್ಲಾಡಿಸಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂರುತ್ತಿದ್ದ. ಕಂಪನಿಯಲ್ಲಿ ಅವನ ಕೆಲಸ ಅಷ್ಟೆ. ಆದರೆ ಅಷ್ಟಾಗದೆ ಕಂಪನಿ ಶುರುವಾಯಿತು ಎಂದು ನನಗೆ ಅನ್ನಿಸುತ್ತಲೇ ಇರಲಿಲ್ಲ.

ವ್ಯಾಪಾರ ಸ್ವಲ್ಪ ಬಲಿತಾಗ ಹೊಸೂರಿನ ಆಡಿಟರು ನನ್ನ ತಲೆಗೆ ಹುಳ ಬಿಟ್ಟರು. "ಅಮೆರಿಕಾದಲ್ಲೇ ಒಂದು ಕಂಪೆನಿ ಶುರು ಪಣ್ಣುಂಗ ಸಾರ್, ಕೊಳ್ಳೋರಿಗೆ ನಂಬಿಕೆ ವರುದು" ಎಂದು ತಮ್ಮ ತಮಿಳುಗನ್ನಡದಲ್ಲಿ ಹೇಳಿದರು. ಕಂಪನಿ ಮಾಡುವುದು ರೇಷನ್ ಕಾರ್ಡು ಮಾಡಿಸುವುದಕ್ಕಿಂತ ಸುಲಭವಾಗಿತ್ತು. ನಾನು ನಕ್ಷೆಯಲ್ಲೂ ಸರಿಯಾಗಿ ನೋಡಿರದ ಒಂದು ರಾಜ್ಯದಲ್ಲಿ ಉದ್ದನಪಲ್ಲಿಯ ದನದ ಕೊಟ್ಟಿಗೆಗೆ ಒಂದು ವಿಳಾಸ ಹುಟ್ಟಿಕೊಂಡಿತು. ಕಷ್ಟ ಶುರುವಾದದ್ದು ಅದಕ್ಕೊಂದು ಬ್ಯಾಂಕು ಹುಡುಕುವಾಗ. ಒಂದು ದೊಡ್ಡ ಬ್ಯಾಂಕು, ಖುದ್ದಾಗಿ ಬಂದು ಶಾಖೆಯಲ್ಲಿ ಸಹಿ ಹಾಕಿ ಎಂದಿತು. ಖಾತೆ ತೆರೆಯಲು ವಿಮಾನ ಹತ್ತಿದರೆ ಆಮೇಲೆ ಖಾತೆಗೆ ಹಾಕಲು ಏನಿರುತ್ತದೆ? ಇನ್ನೊಂದಕ್ಕೆ ಅಲ್ಲೇ ವಾಸವಾಗಿರುವವರು ಬೇಕಂತೆ. ಮತ್ತೊಂದು ಬರೀ ಮೊಬೈಲಿನಲ್ಲಿ ಬದುಕಿರುವಂಥದು. ತಾನು ಬ್ಯಾಂಕೇ ಅಲ್ಲ, ನಿಮ್ಮ ಹಣವನ್ನು ಬೇರೆ ಬ್ಯಾಂಕಿನಲ್ಲಿ ಇಟ್ಟಿರುತ್ತೇನೆ ಎಂದು ಸಣ್ಣ ಅಕ್ಷರದಲ್ಲಿ ಒಪ್ಪಿಕೊಂಡಿತ್ತು. ಅದನ್ನು ಓದಿ ಹೇಳಿದಾಗ ಅಣ್ಣ, "ಬ್ಯಾಂಕಲ್ದಿರೋ ಬ್ಯಾಂಕಾ? ದನ ಇಲ್ದಿರೋ ಕೊಟ್ಟಿಗೆ ಇದ್ದಂಗೆ ಬುಡು" ಎಂದ. ನಾವು ಕುಳಿತಿದ್ದದ್ದೂ ಅಂಥ ಕೊಟ್ಟಿಗೆಯಲ್ಲೇ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆದು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ಈಗ ಬಹಳ ನೆನಪಾಗುತ್ತದೆ.

ಅಣ್ಣನ ಪ್ರಕಾರ ಬ್ಯಾಂಕು ಎಂದರೆ ಮ್ಯಾನೇಜರು. ಅವರು ಯಾವೂರಿನವರು, ಎದುರಿಗೆ ಹೋದರೆ ಕೂತ್ಕೊಳ್ಳಿ ಅನ್ನುತ್ತಾರೋ ಇಲ್ಲವೋ, ಇವೆರಡು ಗೊತ್ತಾದರೆ ಬಡ್ಡಿದರ ಆಮೇಲೆ ಕೇಳಿದರೂ ಆಯಿತು. "ಮುಖ ನೋಡಿ ಮಾತಾಡ್ಸೋ ಬ್ಯಾಂಕ್ ನೋಡ್ಲಾ. ಮುಖ ಕಂಡ್ರೆ ಮನುಸ್ರು ಮೋಸ ಮಾಡಾಕೆ ನಾಚ್ಕೋತಾರೆ" ಎಂದ. ಹುಡುಕಿದರೆ ಅಂಥದೂ ಒಂದು ಸಿಕ್ಕಿತು. ಶುಲ್ಕ ಸ್ವಲ್ಪ ಹೆಚ್ಚು, ಆದರೆ ಖಾತೆ ಕೊಡುವ ಮುಂಚೆ ವಿಡಿಯೋದಲ್ಲಿ ಮನುಷ್ಯರೇ ಬಂದು ಮಾತಾಡಿಸುತ್ತಾರೆ. ಅಣ್ಣನ ಮಾತು ಕೇಳಿ ಅದನ್ನೇ ಆರಿಸಿದೆ.

ದೀಪ ಹಚ್ಚುವ ಹೊತ್ತಿಗೆ ಕರೆ ಬಂತು. ಅಲ್ಲಿ ಆಗ ಬೆಳಗಂತೆ; ಒಬ್ಬ ಹುಡುಗಿ ಕಾಫಿ ಕುಡಿಯುತ್ತ ಕುಳಿತಿದ್ದಳು. ಏನು ಮಾರುತ್ತೀರಿ, ಯಾರಿಗೆ ಮಾರುತ್ತೀರಿ ಎಂದೆಲ್ಲ ಕೇಳಿದಳು. ನನ್ನ ಹಿಂದೆ ಅಣ್ಣ ಒಗೆದ ಪಂಚೆಯುಟ್ಟು, ವಿಭೂತಿ ಇಟ್ಟುಕೊಂಡು, ಹೆಣ್ಣು ನೋಡಲು ಬಂದವರ ಮುಂದೆ ಕೂರುವ ಹಿರಿಯರ ಹಾಗೆ ಗಂಭೀರವಾಗಿ ಕುಳಿತಿದ್ದ. ಹಿಂದಿರುವವರು ಯಾರು ಎಂದಳು. ನಾನು ಎದ್ದು ನಿಂತು, ಇವರು ನಮ್ಮಣ್ಣ, ನಿಜ ಹೇಳಬೇಕೆಂದರೆ ಎಲ್ಲಾ ಇವರದೇ, ನಾನು ಸುಮ್ಮನೆ ನೋಡಿಕೊಳ್ಳುತ್ತೇನೆ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ತುಂಬು ಮನಸ್ಸಿನಿಂದ ಹೇಳಿದೆ. ಹುಡುಗಿ ಕಾಫಿ ಲೋಟ ಕೆಳಗಿಟ್ಟು ಏನೋ ಟೈಪು ಮಾಡಿದಳು. ನಮ್ಮ ಮನೆತನ ಅವಳಿಗೆ ಹಿಡಿಸಿರಬೇಕು ಎಂದುಕೊಂಡೆ.

ಮಾರನೆಯ ದಿನ ಉತ್ತರ ಬಂತು: ಕಂಪನಿಯ ನಿಜವಾದ ಮಾಲೀಕರನ್ನು ನೀವು ಮುಚ್ಚಿಟ್ಟಿದ್ದೀರಿ, ಖಾತೆ ಕೊಡಲಾಗುವುದಿಲ್ಲ. ಆಡಿಟರು ತಲೆ ಚಚ್ಚಿಕೊಂಡರು. "ಮರ್ಯಾದೆ ಎಲ್ಲಾ ಊರಲ್ಲಿ ಇಟ್ಕೊಳ್ಳಿ ಸಾರ್, ಬ್ಯಾಂಕಲ್ಲಿ ಯಾಕೆ?" ಎಂದು ಬೈದು, ಮತ್ತೆ ಮಾತಾಡಲು ಬ್ಯಾಂಕಿನವರನ್ನು ಒಪ್ಪಿಸಿ, ಎರಡು ದಾರಿ ತೋರಿಸಿದರು. ಒಂದು, ಅಣ್ಣನಿಗೆ ಪಾಸ್‌ಪೋರ್ಟ್ ಮಾಡಿಸಿ, ಅವನನ್ನೂ ಪಾಲುದಾರ ಎಂದು ಸೇರಿಸುವುದು. ಎರಡು, ಅವನಿಗೂ ಕಂಪನಿಗೂ ಸಂಬಂಧವಿಲ್ಲ ಎಂದು ಬಾಯಿಬಿಟ್ಟು ಹೇಳುವುದು. ಮೊದಲನೆಯದಕ್ಕೆ ಸಮಯ ಹಿಡಿಯುತ್ತಿತ್ತು, ನನಗೆ ಅವಸರವಿತ್ತು. ಅಣ್ಣ ಏನು ತಿಳಿದುಕೊಳ್ಳುತ್ತಾನೆ, ಅವನಿಗೆ ಇಂಗ್ಲಿಷೇ ಬರುವುದಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಎರಡನೇ ಕರೆಯ ದಿನ, "ಅಣ್ಣಾ, ಇವತ್ತು ಸ್ವಲ್ಪ ಆಚೆಗಿರು" ಎಂದೆ. ಪಂಚೆ ಉಟ್ಟು ಬಂದಿದ್ದವನು ಯಾಕೆ ಎಂದು ಕೇಳದೆ ಈಗ ಅಂಗಳದಲ್ಲೇ ಕಟ್ಟುತ್ತಿದ್ದ ಹಸುವಿಗೆ ಹುಲ್ಲು ಹಾಕುತ್ತ ನಿಂತ. ಅದೇ ಹುಡುಗಿ, ಅದೇ ಕಾಫಿ. ನಿಮ್ಮ ಅಣ್ಣನಿಗೆ ಇದರಲ್ಲಿ ಪಾಲಿದೆಯೇ ಎಂದಳು. ಇಲ್ಲ ಎಂದೆ. ನಮ್ಮೂರಿನ ಸಿಗ್ನಲ್ಲಿನ ವಿಷಯ ನಿಮಗೆ ಗೊತ್ತಲ್ಲ. ಕೇಳಿಸುತ್ತಿಲ್ಲ, ಜೋರಾಗಿ ಹೇಳಿ ಎಂದಳು. ಹೇಳಿದೆ. ಇನ್ನೂ ಜೋರಾಗಿ ಎಂದಳು. "ಮೈ ಬ್ರದರ್ ಹ್ಯಾಸ್ ನೋ ಶೇರ್! ನೋ ಶೇರ್!" ಎಂದು ನಾನು ಕೂಗಿದ್ದು ಬೀದಿಯ ಕೊನೆಯ ಮನೆಗೂ ಕೇಳಿಸಿತಂತೆ. ಹೊಸೂರಿನ ಸುತ್ತ ಜಮೀನಿನ ಮಾತಾಡದವರು ಯಾರಿದ್ದಾರೆ? ಬ್ರದರು, ಶೇರು, ಈ ಎರಡು ಪದ ತಿಳಿಯದ ರೈತ ನಮ್ಮಲ್ಲಿಲ್ಲ. ಭಾಗವೆಂದರೆ ನಾಲ್ಕು ಜನ ಹಿರಿಯರು ಕೂರಬೇಕು, ಹೆಂಗಸರು ಅಳಬೇಕು, ಸೋದರಮಾವ ಎದ್ದು ಹೋಗಬೇಕು. ಅದೇನೂ ಇಲ್ಲದೆ, ಕಾಫಿ ಕುಡಿಯುವ ಒಬ್ಬ ಹುಡುಗಿಯ ಮುಂದೆ ನಮ್ಮ ಭಾಗ ಮುಗಿದುಹೋಯಿತು.

ಖಾತೆ ಸಿಕ್ಕಿತು. ಹೇಳಲು ಹೋದರೆ ಅಣ್ಣ "ಒಳ್ಳೇದಾತು ಬುಡ್ಲಾ" ಎಂದ. ಕೋಪವಿಲ್ಲ, ಗಂಟುಮುಖವಿಲ್ಲ, ಇದ್ದಿದ್ದರೆ ಕಾಲು ಹಿಡಿದು ಮುಗಿಸಬಹುದಿತ್ತು. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನೆರಳು ಕಂಡಿತು. "ಒಳೀಕ್ ಬರ್ಬೋದಾ?" ಎಂದು ಕೇಳಿದ. ತನ್ನ ಕೈಯಾರೆ ಸುಣ್ಣ ಬಳಿದ ಕೊಟ್ಟಿಗೆಯ ಹೊಸಿಲಲ್ಲಿ ನಿಂತು ಕೇಳಿದ. "ಏನಣ್ಣಾ ಇದು, ತಮಾಷೆ" ಎಂದು ನಾನು ನಗಲು ನೋಡಿದೆ. ಬಂದ, ನೀರಿನ ಕ್ಯಾನು ಇಟ್ಟ, ಹೋದ. ಊದಿನಕಡ್ಡಿ ಹಚ್ಚಲಿಲ್ಲ. ಆಮೇಲೆ ಕುರ್ಚಿಯನ್ನು ತಾನೇ ಎತ್ತಿ ಅಂಗಳಕ್ಕೆ ಹಾಕಿಕೊಂಡ. ಅಲ್ಲಿ ಗಾಳಿ ಚೆನ್ನಾಗಿದೆಯಂತೆ. ಪಾಸ್‌ಪೋರ್ಟ್ ಮಾಡಿಸೋಣ ಬಾ, ನಿನ್ನ ಹೆಸರೂ ಸೇರಿಸುತ್ತೇನೆ ಎಂದೆ. "ನಾನ್ಯಾವ ದೇಸಕ್ಕೋಗ್ಬೇಕ್ಲಾ?" ಎಂದ. ಹೆಂಡತಿಗೆ ಹೇಳಿಕೊಂಡರೆ ಅವಳು, "ಅವ್ಳು ಜೋರಾಗೇಳು ಅಂದಿದ್ಕೆ ನೀವು ನೋ ಶೇರ್ ಅಂತ ಎರಡ್ಸಲ ಯಾಕ್ ಕೂಗುದ್ರಿ?" ಎಂದಳು.

ಮೊನ್ನೆ ಡಬ್ಬ ಒಯ್ಯಲು ರಾಯಕೋಟೆಯಿಂದ ಹೊಸ ಡ್ರೈವರೊಬ್ಬ ಬಂದ. ಅಂಗಳದಲ್ಲಿದ್ದ ಅಣ್ಣನನ್ನು "ಯಾರ್ದಣ್ಣಾ ಕಂಪ್ನಿ?" ಎಂದು ಕೇಳಿದ. "ನಮ್ ತಮ್ಮಂದು ಕಣಪ್ಪಾ. ನಂದೇನಿಲ್ಲ, ಸುಮ್ಕೆ ಕುಂತಿವ್ನಿ" ಎಂದ ಅಣ್ಣ. ಡ್ರೈವರು ನನ್ನ ಕಡೆ ತಿರುಗಿ, "ನೋಡಿ ಸಾರ್, ದೊಡ್ಡೋರು ಅಂದ್ರೆ ಹಿಂಗೆ. ಎಲ್ಲಾ ಅವರ್ದೇ ಆಗಿದ್ರೂ ಹೆಂಗ್ ಮಾತಾಡ್ತಾರೆ" ಎಂದು ಮೆಚ್ಚಿಕೊಂಡ. "ಹೌದಪ್ಪಾ, ಎಲ್ಲಾ ಅಣ್ಣಂದೇ, ನಾನು ಸುಮ್ನೆ ನೋಡ್ಕೊಳ್ತೀನಿ" ಎಂದೆ. ಹುಟ್ಟಿದಂದಿನಿಂದ ಬಾಯಿಮಾತಿಗೆ ಆಡಿಕೊಂಡು ಬಂದದ್ದನ್ನು ಮೊದಲ ಸಲ ಮನಸ್ಸಿಟ್ಟು ಆಡಿದೆ. ಅಣ್ಣ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಮೆಲ್ಲುಕ್ ಹೇಳ್ಲಾ, ಬ್ಯಾಂಕ್ನೋರಿಗೆ ಕೇಳಿಸ್ಬುಟ್ಟಾತು" ಎಂದ. ಏನೂ ತಿಳಿಯದ ಡ್ರೈವರು ಜೋರಾಗಿ ನಕ್ಕ, ಅಣ್ಣನೂ ನಕ್ಕ. ನಾನು ಒಳಗೆ ಹೋಗಿ, ಇವತ್ತು ನಾನೇ ಹಚ್ಚೋಣ ಎಂದು ಊದಿನಕಡ್ಡಿಗಾಗಿ ತಡಕಾಡಿದೆ. ಪಟದ ಹಿಂದೆ ಇರಲಿಲ್ಲ, ಕಿಟಕಿಯಲ್ಲಿ ಇರಲಿಲ್ಲ. ಅಮೆರಿಕದ ಬ್ಯಾಂಕೇ ಒಪ್ಪಿಕೊಂಡ ಏಕೈಕ ಮಾಲೀಕ ನಾನು. ನನ್ನ ಕಂಪನಿಯಲ್ಲಿ ಊದಿನಕಡ್ಡಿ ಎಲ್ಲಿಡುತ್ತಾರೆಂದು ನನಗೆ ಗೊತ್ತಿರಲಿಲ್ಲ.