ಈರುಳ್ಳಿ ಗಾಡಿಯಲ್ಲಿ ಸರೋಜ

ಸದ್ದು ಮಾಡುವ ಯಂತ್ರಗಳನ್ನು ಬೈದುಕೊಂಡೇ ಅರ್ಧ ಆಯುಷ್ಯ ಕಳೆದವನು ನಾನು. ಈಗ ಅವುಗಳ ಮೇಲೆ ಗೌರವ ಹುಟ್ಟಿದೆ. ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿದ್ದ ಹಳೆಯ ಹಾರ್ಡ್ ಡಿಸ್ಕ್ ಸಾಯುವ ಮುಂಚೆ ತಿಂಗಳುಗಟ್ಟಲೆ ಗೊರಗೊರ ಎಂದು ನರಳಿತ್ತು. ಕೇಳಲಾರದೆ, ಅದರಲ್ಲಿದ್ದದ್ದನ್ನೆಲ್ಲ ಹೊಸದೊಂದು ಎಸ್‌ಎಸ್‌ಡಿ ಡ್ರೈವಿಗೆ ಸಾಗಿಸಿದೆ. ಒಳಗೆ ತಿರುಗುವ ಭಾಗವೇ ಇಲ್ಲ, ಕೆಡುವ ಮಾತೇ ಇಲ್ಲ ಎಂದು ಎಲ್ಲರೂ ಹೊಗಳಿದ್ದರು. ಅದು ನಿಜಕ್ಕೂ ಸಂಭಾವಿತ. ಒಂದು ಸಂಜೆ ಎಂದಿನಂತೆ ಕೆಲಸ ಮಾಡಿತು. ಬೆಳಿಗ್ಗೆ ನೋಡಿದರೆ ಅಂಥದ್ದೊಂದು ಒಳಗಿದೆ ಎಂಬುದನ್ನೇ ಕಂಪ್ಯೂಟರ್ ಒಪ್ಪಲಿಲ್ಲ. ಒಂದು ಕೆಮ್ಮು ಕೂಡ ಕೆಮ್ಮದೆ ಹೊರಟುಹೋಗಿತ್ತು.

ಮಧುಗಿರಿಯಲ್ಲಿ ನನ್ನದು ಪ್ರಚಾರದ ರೆಕಾರ್ಡಿಂಗ್ ಅಂಗಡಿ. ಗಾಡಿಗೆ ಮೈಕು ಕಟ್ಟಿಕೊಂಡು ಊರೂರು ಕೂಗುತ್ತಾ ಹೋಗುತ್ತಾರಲ್ಲ, ಆ ಮಾತುಗಳು ಇಲ್ಲಿಯವು. ಬರೆಯುತ್ತಿದ್ದವನು ನಾನು, ಹೇಳುತ್ತಿದ್ದವಳು ನನ್ನ ಹೆಂಡತಿ ಸರೋಜ. ಹೋದ ವರ್ಷ ಅವಳು ತೀರಿಕೊಂಡಳು. ಫೋಟೋಗಳು ಬೇಕಾದಷ್ಟಿವೆ. ಆದರೆ ಇಡೀ ದಿನ ಒಂದೇ ಕೋಣೆಯಲ್ಲಿ ಕೂರುತ್ತಿದ್ದವರು ಫೋನಿನಲ್ಲಿ ಒಬ್ಬರಿಗೊಬ್ಬರು ವಾಯ್ಸ್ ಮೆಸೇಜ್ ಯಾಕೆ ಕಳಿಸುತ್ತಾರೆ? ಅವಳ ದನಿ ಇದ್ದದ್ದು ಆ ಡ್ರೈವಿನಲ್ಲಿ ಮಾತ್ರ.

ಅದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಶಿರಾದಲ್ಲಿ ರಿಪೇರಿ ಮಾಡುವ ಬಾಷಾ ಭಾಯ್ ಹತ್ತಿರ ಹೋದೆ. ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಒಳಗೆ ಹೋಗಿರಬಹುದೇ ಎಂದು ಅಳುಕುತ್ತಲೇ ಕೇಳಿದೆ.

“ಕುಂಕುಮದ್ದು ಏನೂ ತಪ್ಪಿಲ್ಲ ಸಾಬ್. ಇದರ ಕಂಟ್ರೋಲರ್ ಹೋಗ್ಬಿಟ್ಟೈತೆ. ಸಾಮಾನೆಲ್ಲ ಒಳಗೇ ಐತೆ. ಯಾವ್ದು ಎಲ್ಲಿಟ್ಟಿದ್ದು ಅಂತ ಅದಕ್ಕೊಂದಕ್ಕೇ ಗೊತ್ತು. ಅದೇ ಇಲ್ಲಾಂದ್ರೆ ಯಾರ್ನ ಕೇಳೋದು?”

ಇದು ನನಗೆ ಚೆನ್ನಾಗಿಯೇ ಅರ್ಥವಾಯಿತು. ನಮ್ಮ ಅಡುಗೆಮನೆಯ ಸ್ಥಿತಿಯೂ ಅದೇ. ಮೆಂತ್ಯ, ಇಂಗು, ಹುಣಸೆಹಣ್ಣು ಎಲ್ಲ ಮನೆಯಲ್ಲೇ ಇವೆ. ಎಲ್ಲಿವೆ ಎಂದು ಬಲ್ಲವಳಿಲ್ಲ. ಟೀಪುಡಿ ಡಬ್ಬಿ ತೆಗೆದರೆ ಜೀರಿಗೆ ಸಿಗುತ್ತದೆ. ಬಾಷಾ ಭಾಯ್ ಆ ಡ್ರೈವಿನ ಜೊತೆ ವಾರಗಟ್ಟಲೆ ಹೆಣಗಿ, ಕೊನೆಗೆ ಕೈಚೆಲ್ಲಿ, ಕಾಸೂ ತೆಗೆದುಕೊಳ್ಳದೆ, ನನಗೇ ಚಹಾ ಕುಡಿಸಿ ಕಳಿಸಿದರು. ಅವರ ಋಣ ಇನ್ನೂ ಇದೆ.

ಹೀಗಿರುವಾಗ ಕೊಡಿಗೇನಹಳ್ಳಿಯ ಈರುಳ್ಳಿ ವ್ಯಾಪಾರಿ ತಿಮ್ಮರಾಜು ಬಂದ. ಬೆಳ್ಳುಳ್ಳಿಯನ್ನೂ ಸೇರಿಸಿ ಹೊಸದಾಗಿ ಹೇಳಿಸಬೇಕಂತೆ. “ಎಲ್ಲಿಂದ ಹೇಳಿಸ್ಲಪ್ಪ? ಅವಳಂತೂ ಇಲ್ಲ, ಈಗ ಅವಳ ದನಿಯೂ ಹೋಯ್ತು” ಎಂದು ನಡೆದದ್ದನ್ನು ಹೇಳಿದೆ.

“ಅದೆಂಗೆ ಹೋಯ್ತದೆ ಸಾ? ಅಕ್ಕ ದಿನಾ ನಮ್ ಗಾಡೀಲಿ ಕೂಗ್ತಾ ಅವ್ರಲ್ಲ!” ಎಂದವನೇ ಗಾಡಿಯಿಂದ ಪೆನ್‌ಡ್ರೈವ್ ಕಿತ್ತು ತಂದ.

ಅವಳ ದನಿಯನ್ನು ಪೆನ್‌ಡ್ರೈವಿಗೆ ತುಂಬಿ ಊರೂರಿಗೆ ಹಂಚಿದವನು ನಾನೇ. ಆದರೂ ಇದು ಹೊಳೆದಿರಲಿಲ್ಲ. ಹಾಕಿದೆ. “ಬನ್ನಿ ಅಕ್ಕ, ಬನ್ನಿ ಅಮ್ಮ, ಚೆನ್ನಾಗಿ ಒಣಗಿರೋ ಈರುಳ್ಳಿ” ಎಂದಳು ಸರೋಜ. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅದೇ ದನಿ ಮುಂದುವರಿಯಿತು: “ರೀ, ಆ ಫ್ಯಾನ್ ಆಫ್ ಮಾಡ್ರೀ! ಎಷ್ಟು ಸಲ ಹೇಳೋದು ನಿಮ್ಗೆ? ಬರೀ ಗಾಳಿ ಸದ್ದೇ ಬರ್ತೈತೆ!”

ಕತ್ತರಿಸಲು ಮರೆತ ತುಣುಕು ಅದು. “ಯಾಕಯ್ಯಾ ಹೇಳ್ಲಿಲ್ಲ? ತೆಗೆದುಕೊಡ್ತಿದ್ದೆನಲ್ಲ” ಎಂದೆ.

“ತೆಗ್ದೀರ ಮತ್ತೆ! ಅದ್ನ ಕೇಳಕ್ಕೇ ಹೆಂಗಸ್ರು ಬಾಗಿಲಿಗೆ ಬರೋದು. ‘ಫ್ಯಾನ್ ಗಾಡಿ ಬಂತು ಕಣಮ್ಮ’ ಅಂತಾರೆ. ಈರುಳ್ಳಿ ಹೆಸ್ರು ಎತ್ತೋರೇ ಇಲ್ಲ.”

ಅಂದರೆ ಇಷ್ಟು ಕಾಲ ನಾನು ಬೈಸಿಕೊಂಡದ್ದು ಇಡೀ ಹೋಬಳಿಗೇ ಗೊತ್ತು!

ತಿಮ್ಮರಾಜು ಸುಮ್ಮನಿರಲಿಲ್ಲ. ಕಂಡಕಂಡವರಿಗೆಲ್ಲ ಹೇಳಿದ. ಉದುರಿದ ಕೂದಲು ತೆಗೆದುಕೊಂಡು ಪಾತ್ರೆ ಕೊಡುವ ಪುರವರದವರು, ಕುರಿಗಳಿಗೆ ಲಸಿಕೆ ಹಾಕಿಸಿ ಎಂದು ಸಾರಿದ ಹುಲಿಕುಂಟೆಯವರು ತಮ್ಮ ತಮ್ಮ ಪೆನ್‌ಡ್ರೈವ್ ತಂದುಕೊಟ್ಟರು. ಯಾರೂ ಸಂತಾಪದ ಮಾತು ಆಡಲಿಲ್ಲ. ಕೂತು ಕೇಳಿ, ನಕ್ಕು ಹೋದರು. ಇಷ್ಟು ಜನ ಅವಳನ್ನು ಜೋಪಾನ ಮಾಡಿಟ್ಟಿದ್ದರು.

ಹಳ್ಳಿಗಳಲ್ಲೇ ಸುತ್ತುತ್ತಿದ್ದ ತಿಮ್ಮರಾಜು, ನಾನು ಕೇಳದಿದ್ದರೂ, ಈಗ ವಾರಕ್ಕೊಮ್ಮೆ ನಮ್ಮ ಬೀದಿಗೂ ಬರುತ್ತಾನೆ. ಅಂಗಡಿಯ ಮುಂದೆ ಗಾಡಿ ನಿಧಾನವಾಗುತ್ತದೆ. ಸರೋಜ ‘ರೀ’ ಎನ್ನುತ್ತಿದ್ದಂತೆ ನಾನು ಎದ್ದು ಫ್ಯಾನ್ ಆಫ್ ಮಾಡಿ, ಗಾಡಿ ತಿರುವು ದಾಟುವವರೆಗೂ ಬೆವರುತ್ತಾ ಕೂರುತ್ತೇನೆ. ಅವಳಿದ್ದಾಗ ಒಂದೇ ಮಾತಿಗೆ ಎದ್ದ ನೆನಪಿಲ್ಲ.