ಲಿಫ್ಟಿನ ಮುಂದೆ ನಿಂತ ಗಂಟೆಗಳು ಲೆಕ್ಕಕ್ಕಿಲ್ಲ ಎಂದವರಿಗೆ

ಇವರಿಗೆ,
ಮಾನ್ಯ ಇಂಟರ್ನ್‌ಶಿಪ್ ಸಂಯೋಜಕರು,
ಮನಶ್ಶಾಸ್ತ್ರ ಮತ್ತು ಆಪ್ತಸಮಾಲೋಚನೆ ವಿಭಾಗ, ಐದನೆಯ ಮಹಡಿ.
(ಕಾಲೇಜಿನ ಹೆಸರನ್ನು ಮರ್ಯಾದೆಯ ದೃಷ್ಟಿಯಿಂದ ಬರೆದಿಲ್ಲ. ಯಾರ ಮರ್ಯಾದೆ ಎಂದು ಕೇಳಬಾರದು.)

ವಿಷಯ: ನಮ್ಮ ಸುಳ್ಳು ದುಃಖವನ್ನು ಮೆಚ್ಚಿ, ನಿಜವಾದ ಭಯವನ್ನು ಲೆಕ್ಕದಿಂದ ಹೊರಗಿಟ್ಟು, ರೇವತಿಯೆಂಬ ವಿದ್ಯಾರ್ಥಿನಿಯನ್ನು ಎತ್ತಂಗಡಿ ಮಾಡಿ, ಜಟ್ಟೆಮ್ಮನೆಂಬ ಹೆಣ್ಣುಮಗಳನ್ನು ಲಿಫ್ಟಿನ ಹೊಸ್ತಿಲಲ್ಲೇ ನಿಲ್ಲಿಸಿಬಿಟ್ಟಿರುವ ಬಗ್ಗೆ.

ಮಾನ್ಯರೇ,

ಪರದೆ ಏಳುವ ಮೊದಲು ಹಾರ್ಮೋನಿಯಂ ಮೇಷ್ಟರಿಗೆ, ಲೈಟಿನವರಿಗೆ, ಮುಂದಿನ ಸಾಲಿನಲ್ಲಿ ಕೂತು ನಿದ್ದೆ ಹೊಡೆಯಲಿರುವ ಗಣ್ಯರಿಗೆ ಕೈಮುಗಿಯುವುದು ನಮ್ಮ ಕಡೆಯ ರೂಢಿ. ಆ ಪ್ರಕಾರ ತಮಗೂ, ತಮ್ಮ ವಿಭಾಗದ ಸಕಲ ಕುರ್ಚಿಗಳಿಗೂ, ಆ ಕುರ್ಚಿಗಳಲ್ಲಿ ಆಗಾಗ ಕಾಣಸಿಗುವ ಪ್ರಾಧ್ಯಾಪಕರಿಗೂ ಗರುಡಾಚಾರ್‌ಪಾಳ್ಯದ ಮುನಿಆಂಜನಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಯಾರೆಂದು ತಮಗೆ ತಿಳಿದಿರಲಾರದು. ಈ ಊರು ಊರಾಗಿದ್ದಾಗ ಇಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನದವನು. ಈಗ ಅದೇ ಹೊಲದಲ್ಲಿ ಬಾಡಿಗೆ ರೂಮುಗಳನ್ನು ಬೆಳೆದುಕೊಂಡಿದ್ದೇನೆ. ನಡುವೆ ಒಂದಷ್ಟು ಕಾಲ ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿದು ಮೆರೆದವನು. ಮೈಕು ಕೆಟ್ಟ ದಿನವೂ ನನ್ನ ಮಾತು ಕೆ.ಆರ್.ಪುರದ ತನಕ ಕೇಳಿಸಿತ್ತೆಂದು ಹೇಳುವವರಿದ್ದಾರೆ. ಅವರಿಗೆಲ್ಲ ಹಾಗೆ ಹೇಳಲು ನಾನೇ ಹೇಳಿಕೊಟ್ಟಿದ್ದೇನೆಂದು ನನ್ನ ಹೆಂಡತಿ ಗಂಗಲಕ್ಷ್ಮಮ್ಮ ಹೇಳುತ್ತಾಳೆ. ಹೇಗಾದರೂ ಇರಲಿ, ಈ ಪತ್ರದ ದನಿ ತುಸು ಜೋರೆನಿಸಿದರೆ ಕಾಗದವನ್ನು ಒಂದು ಮೊಳ ದೂರ ಹಿಡಿದು ಓದಬೇಕೆಂದು ಪ್ರಾರ್ಥನೆ.

ನನ್ನ ವಠಾರದ ನೆಲಮಹಡಿಯಲ್ಲಿ, ಹಿಂದೆ ನಾಟಕದ ಪೆಟ್ಟಿಗೆಗಳನ್ನು ಇಡುತ್ತಿದ್ದ ಕೋಣೆಯನ್ನು ಒಂದು ಸೇವಾ ಸಂಸ್ಥೆಯವರು ಬಾಡಿಗೆಗೆ ಹಿಡಿದು, ಎದುರುಬದುರು ಎರಡು ಕುರ್ಚಿ ಹಾಕಿ, ನಡುವೆ ಕಣ್ಣೊರೆಸುವ ಕಾಗದದ ಡಬ್ಬಿ ಇಟ್ಟು, ಅದಕ್ಕೆ ಆಪ್ತಸಮಾಲೋಚನಾ ಕೇಂದ್ರವೆಂದು ಬೋರ್ಡು ಬರೆಸಿದರು. ಒಂದು ಕುರ್ಚಿಗೆ ತಾವು ಪ್ರತಿ ಸೆಮಿಸ್ಟರಿಗೂ ಒಬ್ಬ ವಿದ್ಯಾರ್ಥಿಯನ್ನು ಕಳಿಸುತ್ತೀರಿ. ಎದುರಿನ ಕುರ್ಚಿಗೆ ನನ್ನ ಬಾಡಿಗೆದಾರರು. ಯಾದಗಿರಿ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಗಾರೆ ಕೆಲಸ, ಕಾವಲು ಕೆಲಸ, ಆಫೀಸು ಗುಡಿಸುವ ಕೆಲಸ ಮಾಡುವವರು. ನಿಗದಿಯಾದಷ್ಟು ಗಂಟೆ ದುಃಖ ಕೇಳಿದರೆ ವಿದ್ಯಾರ್ಥಿ ಪಾಸು. ಕಡಿಮೆ ಬಿದ್ದರೆ ಇನ್ನೊಂದು ಸೆಮಿಸ್ಟರು. ಬೇರೆಯವರು ಅತ್ತಷ್ಟೂ ತನಗೆ ಒಳ್ಳೆಯದಾಗುವ ಈ ಏರ್ಪಾಡನ್ನು ಯಾರು ಕಂಡುಹಿಡಿದರೋ, ಅವರ ಪಾದ ಎಲ್ಲಿದ್ದರೂ ಸುಖವಾಗಿರಲಿ.

ಈ ಸಲ ಬಂದವಳು ಹಲಸೂರಿನ ರೇವತಿ. ಮನೆಮಾತು ತಮಿಳು; ಮೆಟ್ರೋ ಇಳಿದು, ಬೆನ್ನಿಗೆ ಚೀಲ ಹಾಕಿಕೊಂಡು, ಗೇಟಿನಲ್ಲಿ ಯಾರು ಸಿಕ್ಕರೂ ಊಟ ಆಯ್ತಾ ಎಂದು ಕೇಳಿಕೊಂಡು ಬರುವ ಮಗು. ಬಂದು ಕುರ್ಚಿಯಲ್ಲಿ ಕೂರುವಳು. ಎದುರಿನ ಕುರ್ಚಿ ಖಾಲಿ. ದಿನವಿಡೀ ಸಿಮೆಂಟು ಹೊತ್ತು ಬಂದವರು ಸ್ನಾನ ಮಾಡಿ, ರೊಟ್ಟಿ ತಿಂದು, ಮಲಗುವ ಮುಂಚೆ ನೆಲಮಹಡಿಗೆ ಇಳಿದು ದುಃಖ ತೋಡಿಕೊಂಡು ಬರೋಣವೆಂದು ಯಾಕೆ ಯೋಚಿಸುತ್ತಿಲ್ಲವೋ, ಅದು ತಮ್ಮ ವಿಭಾಗ ಸಂಶೋಧನೆ ನಡೆಸಬೇಕಾದ ವಿಷಯ. ಹುಡುಗಿ ಡಬ್ಬಿಯನ್ನು ನೋಡಿಕೊಂಡು ಕೂರುವಳು, ಹೊತ್ತಾದ ಮೇಲೆ ಎದ್ದು ಹೋಗುವಳು.

ಇದನ್ನು ಮೊದಲು ಸಹಿಸಲಾರದೆ ಹೋದವನು ಕಾವಲು ಕೆಲಸದ ಅಂಬಣ್ಣ. ನಲ್ಲಿಯ ಹತ್ತಿರ ನನ್ನನ್ನು ತಡೆದು, ಬಾಗಿಲಿಗೆ ಬಂದ ಹೆಣ್ಣುಮಗಳನ್ನು ಖಾಲಿ ಕೈಯಲ್ಲಿ ಕಳಿಸುವುದು ತಮ್ಮ ಕಡೆ ಇಲ್ಲವೆಂದೂ, ಆಫೀಸು ಗುಡಿಸುವ ಜಟ್ಟೆಮ್ಮ ಒಂದು ದಿನ ಬಿಸಿ ರೊಟ್ಟಿ ಕೊಡಲು ಹೋದರೆ, ಬಂದವರಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ಕಾಲೇಜಿನ ನಿಯಮವಿದೆ ಎಂದು ಆ ಹುಡುಗಿ ಕೈಮುಗಿದಳೆಂದೂ ಹೇಳಿ, ಕೊನೆಗೆ, “ಮಾಲಕ್ರ, ಆಕಿಗಿ ಬೇಕಾಗಿದ್ದು ದುಃಖ ಅಂತ್ರಿ. ನಮ್ಮ ಕಡಿಂದ ಅದನ್ನರ ಒಂದೀಟು ಕೊಟ್ಟು ಕಳಸೂಣಲ್ರಿ,” ಎಂದ.

ಮಾನ್ಯರೇ, ನಲವತ್ತು ಮನೆಗಳ ವಠಾರದಲ್ಲಿ ದುಃಖಕ್ಕೆ ಬರವಿತ್ತೆಂದು ಭಾವಿಸಬಾರದು. ಬೇಕಾದಷ್ಟಿತ್ತು. ಆದರೆ ನಿಜವಾದದ್ದನ್ನು ಹೊರಗಿನವರಿಗೆ ಕೊಡುವ ರೂಢಿ ಯಾರಿಗೂ ಇರಲಿಲ್ಲ. ಅತಿಥಿಗೆ ಕೊಡುವುದೆಂದರೆ ಮಾಡಿದ್ದರಲ್ಲೇ ಚೆನ್ನಾಗಿರುವುದನ್ನು ಕೊಡಬೇಕು. ಚೆನ್ನಾಗಿ ಮಾಡುವುದು ಹೇಗೆಂದು ಹೇಳಿಕೊಡಲು ಈ ಗದೆ ಹಿಡಿದ ಕೈ ಇತ್ತಲ್ಲ. ತಾರಸಿಯ ಮೇಲೆ, ಒಣಗಹಾಕಿದ ಸೀರೆಗಳೇ ಪರದೆಯಾಗಿ, ತಾಲೀಮು ಶುರುವಾಯಿತು. ಅಳು ಮೊದಲ ಮಾತಿಗೇ ಬರಬಾರದು, ಕಾಗದಕ್ಕೆ ಕೈ ಚಾಚುವುದು ದನಿ ಒಡೆದ ಮೇಲೆಯೇ, ಕಿಟಕಿಯ ಕಡೆ ನೋಡಿ ಸುಮ್ಮನಾಗುವುದನ್ನು ಒಮ್ಮೆ ಮಾತ್ರ ಮಾಡಬೇಕು, ಎಂದೆಲ್ಲ ಕಲಿಸಿದೆ. ಅಂಬಣ್ಣನಿಗೆ ನಿದ್ರೆ ಬಾರದವನ ಪಾತ್ರ ಕೊಟ್ಟೆ. ಅವನು ಕೆಲಸ ಮಾಡುವ ಅಪಾರ್ಟ್‌ಮೆಂಟಿನವರು ಗೇಟು ತೆಗೆಸಲು ಹಾರ್ನ್ ಹೊಡೆದು ಹೊಡೆದು, ಕೊನೆಗೆ ತಾವೇ ಇಳಿದು ತೆಗೆದುಕೊಳ್ಳುವಷ್ಟು ಗಾಢವಾಗಿ ನಿದ್ರಿಸುವ ಮನುಷ್ಯ. ಆದರೆ ಕಲಾವಿದನಿಗೆ ಇಂಥ ಸವಾಲೇ ಬೇಕು. ಜಟ್ಟೆಮ್ಮನಿಗೆ ಕುಡುಕ ಗಂಡನನ್ನು ಕೊಟ್ಟೆ. ಅವಳ ಗಂಡ ಭೀಮು ಕುಡಿಯುವುದಿರಲಿ, ಚಹಾ ಸಹ ಬೇಡವೆಂದು ಬಿಸಿನೀರು ಕುಡಿಯುವವನು. ಸುದ್ದಿ ಕಿವಿಗೆ ಬಿದ್ದ ದಿನ ನನ್ನ ಬಾಗಿಲಿಗೆ ಬಂದು, ತಾನು ಯಾವಾಗ ಕುಡಿದೆನೆಂದು ತನಗೂ ಗೊತ್ತಾಗಲಿ ಎಂದು ಬಹಳ ವಿನಯದಿಂದ ಕೇಳಿದ. ನಿನ್ನ ಪಾತ್ರ ನೇಪಥ್ಯದಲ್ಲೇ ಇದೆ, ನೀನು ರಂಗಕ್ಕೆ ಬರಬೇಕಾಗಿಲ್ಲ ಎಂದು ಸಮಾಧಾನ ಮಾಡಿ ಕಳಿಸಿದೆ.

ಇನ್ನು ತಮ್ಮ ವಿಮರ್ಶೆಯನ್ನು ಹೇಗೆ ಹೊಗಳಲಿ! ರೇವತಿ ಬರೆದು ಒಪ್ಪಿಸಿದ ವರದಿಗಳನ್ನು ಓದಿ, ಅಂಬಣ್ಣನ ನಿದ್ರಾಹೀನತೆಗೆ ಬಾಲ್ಯದ ಅಭದ್ರತೆಯೇ ಮೂಲವೆಂದು ತಾವು ಅಪ್ಪಣೆ ಕೊಡಿಸಿದಿರಂತೆ. ಬಾಲ್ಯದಲ್ಲಿ ಅವನು ನಿದ್ದೆಗಣ್ಣಲ್ಲಿ ಎತ್ತಿನ ಗಾಡಿಯಿಂದ ಬಿದ್ದು, ಬಿದ್ದಲ್ಲೇ ನಿದ್ದೆ ಮುಂದುವರಿಸಿದವನೆಂಬುದು ತಮಗೆ ತಿಳಿಯುವ ದಾರಿಯಿರಲಿಲ್ಲ. ಜಟ್ಟೆಮ್ಮನ ಕಥೆಗಂತೂ ‘ಅತ್ಯುತ್ತಮ, ವಿಭಾಗಕ್ಕೇ ಮಾದರಿ’ ಎಂದು ಬರೆದಿರಂತೆ. ಗದೆ ಹಿಡಿದ ಅಷ್ಟೂ ವರ್ಷ ನನಗೆ ಇಂಥ ಒಂದು ಸಾಲು ಸಿಗಲಿಲ್ಲ, ಸ್ವಾಮಿ.

ಹೀಗೆ ಸೆಮಿಸ್ಟರು ಸುಖವಾಗಿ ಮುಗಿಯುತ್ತಿತ್ತು. ಕೆಡಿಸಿದ್ದು ಒಂದು ಜೋಳದ ಹಿಟ್ಟಿನ ಚೀಲ.

ಕೆ.ಆರ್.ಪುರದ ಸಂತೆಯಿಂದ ಹಿಟ್ಟು ತರುತ್ತಿದ್ದ ಜಟ್ಟೆಮ್ಮ, ಹಲಸೂರಿನಿಂದ ಬರುತ್ತಿದ್ದ ರೇವತಿ, ಇಬ್ಬರೂ ನಮ್ಮ ಮೆಟ್ರೋ ಸ್ಟೇಷನ್ನಿನಲ್ಲಿ ಒಂದೇ ರೈಲಿನಿಂದ ಇಳಿದರು. ಲಿಫ್ಟು ಬಾಗಿಲು ತೆರೆದು ಕಾದಿತ್ತು. ಜಟ್ಟೆಮ್ಮ ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲ ಕಡೆ ತಿರುಗಿದಳು. ಅಕ್ಕಾ, ಲಿಫ್ಟ್ ಇದೆಯಲ್ಲಾ ಎಂದು ರೇವತಿ ಅಂದದ್ದಕ್ಕೆ ಅವಳ ಹಣೆ ಬೆವರಿತು. ಆ ಹುಡುಗಿ ಮುಂದೆ ಒಂದು ಪ್ರಶ್ನೆಯನ್ನೂ ಕೇಳದೆ ಚೀಲದ ಇನ್ನೊಂದು ತುದಿ ಹಿಡಿದು ಜೊತೆಗೇ ಮೆಟ್ಟಿಲು ಇಳಿಯಿತು. ಕೆಳಗೆ ಚೀಲ ಇಳಿಸಿದ ಮೇಲೆ ಜಟ್ಟೆಮ್ಮ ತಾನಾಗಿಯೇ, “ಮೇಡಮ್, ನನ್ ಗಂಡ ಕುಡ್ಯಾಂಗಿಲ್ರಿ. ಅದೆಲ್ಲಾ ಮಾಲಕ್ರು ಕಲ್ಸಿದ್ದು. ನನಗ ಲಿಫ್ಟಿನ ಬಾಗಲ ಮುಚ್ಚಿದ್ರ ಉಸಿರೇ ಹೋಗ್ತದ,” ಎಂದಳು.

ಸಂಗತಿ ಇಷ್ಟು. ಜಟ್ಟೆಮ್ಮ ಗುಡಿಸಿ ಒರೆಸುವ ಗಾಜಿನ ಕಟ್ಟಡದಲ್ಲಿ, ಹೋದ ವರ್ಷ, ಎರಡು ಮಹಡಿಗಳ ನಡುವೆ ಲಿಫ್ಟು ನಿಂತುಬಿಟ್ಟಿತ್ತು. ಊಟದ ಹೊತ್ತಿನಿಂದ ಚಹಾದ ಹೊತ್ತಿನವರೆಗೆ ಬಕೆಟ್ಟಿನ ಜೊತೆ ಒಬ್ಬಳೇ ಒಳಗಿದ್ದಳು. ಬಾಗಿಲು ತೆರೆದಾಗ ಮೇಲ್ವಿಚಾರಕ ಕೇಳಿದ ಮೊದಲ ಮಾತು, ಏಳನೇ ಮಹಡಿ ಯಾಕೆ ಇನ್ನೂ ಒರೆಸಿಲ್ಲ ಎಂದು. ಆವತ್ತಿನಿಂದ ಬಕೆಟ್ಟು ಹೊತ್ತು ಮೆಟ್ಟಿಲಲ್ಲೇ ಓಡಾಡುತ್ತಿದ್ದಾಳೆ. ಬರುವ ಒಂದನೇ ತಾರೀಖಿನಿಂದ ಅವಳನ್ನು ತುತ್ತತುದಿಯ ಮಹಡಿಗಳಿಗೆ ಹಾಕಿದ್ದಾರೆ. ಲಿಫ್ಟಿನಲ್ಲಿ ಬರುವುದಾದರೆ ಬಾ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೋ ಎಂದಿದ್ದಾರೆ. ಇದನ್ನು ಗಂಡನಿಗೂ ಹೇಳಿರಲಿಲ್ಲ. ನನ್ನ ತಾಲೀಮಿನಲ್ಲಿ, ನಿನ್ನ ಕಷ್ಟ ಏನು ಹೇಳು ಎಂದಾಗ, ಇಂಥ ಸಣ್ಣದನ್ನು ಹೇಳಿದರೆ ಆ ಹುಡುಗಿಗೆ ಮಾರ್ಕ್ಸು ಬೀಳುವುದಿಲ್ಲವೆಂದು ನುಂಗಿಕೊಂಡಿದ್ದಳು.

ರೇವತಿ ಮಾರನೆಯ ದಿನ ನಮ್ಮನ್ನೆಲ್ಲ ಆ ಕೋಣೆಯಲ್ಲಿ ಕೂರಿಸಿದಳು. ಬಯ್ದಿದ್ದರೆ ಬಯ್ಗುಳಕ್ಕೆ ತಕ್ಕ ಉತ್ತರ ನನ್ನ ಹತ್ತಿರ ಪದ್ಯದಲ್ಲೇ ಇತ್ತು. ಬಯ್ಯಲಿಲ್ಲ. “ನಂಗೆ ಗಂಟೆ ಬೇಕಿತ್ತು, ನಿಜ ಅಂಕಲ್. ಆದ್ರೆ ನಾನು ಬೇಡ ಅಂತ ನೀವೇ ಹೇಳ್ಬಿಟ್ಟಿದ್ರೆ ಇಷ್ಟು ಬೇಜಾರಾಗ್ತಿರ್ಲಿಲ್ಲ,” ಎಂದಳು, ಅಷ್ಟೇ. ಅಂಬಣ್ಣ ಜೀವನದಲ್ಲಿ ಮೊದಲ ಸಲ ಆ ಡಬ್ಬಿಯಿಂದ ಕಾಗದವನ್ನು ನನ್ನ ಸನ್ನೆಯಿಲ್ಲದೆ ತೆಗೆದುಕೊಂಡ.

ಆಮೇಲೆ ನಡೆದದ್ದಕ್ಕೆ ಇಡೀ ಮೆಟ್ರೋ ಸ್ಟೇಷನ್ನು ಸಾಕ್ಷಿ. ಸಂಜೆ ಸಂಜೆ ರೇವತಿ, ಜಟ್ಟೆಮ್ಮ ಇಬ್ಬರೂ ಲಿಫ್ಟಿನೆದುರು ನಿಂತರು. ಮೊದಮೊದಲು ದೂರದ ಕಂಬದ ಹತ್ತಿರ, ಬಾಗಿಲು ತೆರೆದು ಮುಚ್ಚುವುದನ್ನು ಸುಮ್ಮನೆ ನೋಡುತ್ತ. ಆಮೇಲೆ ಹತ್ತಿರ. ಆಮೇಲೆ ಗುಂಡಿ ಒತ್ತಿ, ಬಂದ ಲಿಫ್ಟನ್ನು ಹಾಗೇ ಕಳಿಸಿಬಿಡುವುದು. ಒಳಗಿದ್ದವರೊಬ್ಬರು, ಅಮ್ಮಾ, ಬರೋದಾದ್ರೆ ಬನ್ನಿ, ಇದೇನ್ ಪ್ರದರ್ಶನಕ್ಕಿಟ್ಟಿರೋದಾ ಎಂದು ರೇಗಿದರೂ ರೇವತಿ ಅವರಿಗೆ ಊಟ ಆಯ್ತಾ ಎಂದು ಕೇಳಿ ಕಳಿಸಿದಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಎರಡೂ ಕಾಲು ಒಳಗೆ, ಬಾಗಿಲು ತೆರೆದೇ. ನಾನೂ ಒಂದು ಸಂಜೆ ನೋಡಲು ಹೋದೆ. ಹೋಗಿ, ಬಾಯಿ ಮುಚ್ಚಿಕೊಂಡು ನಿಂತೆ. ಗಂಗಲಕ್ಷ್ಮಮ್ಮ ಇದನ್ನು ಈಗಲೂ ನಂಬುತ್ತಿಲ್ಲ. ಕಳೆದ ವಾರ ಬಾಗಿಲು ಮುಚ್ಚಿತು. ರೇವತಿಯ ದುಪಟ್ಟಾವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಜಟ್ಟೆಮ್ಮ ಒಂದು ಮಹಡಿ ಏರಿ ಹೊರಗೆ ಬಂದಳು. ಉಳಿದದ್ದು ಒಂದೇ, ಒಬ್ಬಳೇ ಹೋಗುವುದು. ಅದಕ್ಕೆ ಇನ್ನೂ ಕೆಲವು ಸಂಜೆಗಳು ಬೇಕೆಂದು ರೇವತಿ ಹೇಳಿದ್ದಳು.

ಆಗ ತಮ್ಮ ಪ್ರವೇಶವಾಯಿತು.

ಆ ಹುಡುಗಿ ಪ್ರಾಮಾಣಿಕಳು. ತಾನಾಗಿಯೇ ತಮ್ಮ ಮುಂದೆ ಬಂದು, ಹಿಂದಿನ ಕಥೆಗಳೆಲ್ಲ ಕಟ್ಟಿದವು, ಅವನ್ನು ತೆಗೆದುಹಾಕಿ, ಲಿಫ್ಟಿನ ಮುಂದೆ ನಿಂತದ್ದನ್ನು ಬರೆದುಕೊಳ್ಳಿ ಎಂದು ಕೇಳಿದಳು. ಒಮ್ಮೆ ಒಪ್ಪಿದ ಗಂಟೆಗಳನ್ನು ಹಿಂಪಡೆಯುವ ಅವಕಾಶವೇ ನಿಯಮದಲ್ಲಿಲ್ಲವೆಂದು ತಾವು ಹೇಳಿದಿರಿ. ನಿಗದಿತ ಕೋಣೆಯ ಹೊರಗೆ, ಕುರ್ಚಿಯಿಲ್ಲದೆ, ಸಾರ್ವಜನಿಕ ಸ್ಥಳದಲ್ಲಿ ನಿಂತುಕೊಂಡು ಕಳೆದ ಹೊತ್ತು ಆಪ್ತಸಮಾಲೋಚನೆಯಲ್ಲವೆಂದು ಬರೆದೂ ಕೊಟ್ಟಿರಿ. ಕೋಣೆಯ ಹೊರಗೆ ಭೇಟಿಯಾಗಬಾರದೆಂಬ ನಿಯಮಕ್ಕೆ ಒಳ್ಳೆಯ ಕಾರಣವೂ ಇರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಮೇರೆ ಮೀರಿದ್ದಕ್ಕೆಂದು ಅವಳನ್ನು ಇಂದಿರಾನಗರದ ಒಂದು ತಂಪಾದ ಕ್ಲಿನಿಕ್ಕಿಗೆ, ಕಡತ ಜೋಡಿಸಲು ಮತ್ತು ಕುಂಡದ ಗಿಡಗಳಿಗೆ ನೀರು ಹಾಕಲು ಕಳಿಸಿ, ಲಿಫ್ಟಿನ ಸಂಜೆಗಳನ್ನು ಬಿಟ್ಟರೆ ಗಂಟೆ ಸಾಲದೆಂದು ಇನ್ನೊಂದು ಸೆಮಿಸ್ಟರು ಹೇರಿ, ಜಟ್ಟೆಮ್ಮನಿಗೆ ಬೇರೆ ವಿದ್ಯಾರ್ಥಿ ಬರುತ್ತಾನೆ, ಮೊದಲಿನಿಂದ ಶುರು ಮಾಡಲಿ ಎಂದಿರಲ್ಲ, ಈ ನ್ಯಾಯದ ಮುಂದೆ ಕಿರೀಟ ತೆಗೆದಿಟ್ಟು ನಿಂತಿದ್ದೇನೆ.

ಆದ ಕಾರಣ ಈ ಕೆಲವು ಅಹವಾಲುಗಳು. ಲಿಫ್ಟು ಕೋಣೆಯಲ್ಲವೆಂಬುದು ತಮ್ಮ ಆಕ್ಷೇಪವಾದರೆ, ದಯಮಾಡಿ ಬಂದು ಅದರೊಳಗೆ ಒಮ್ಮೆ ನಿಂತು ನೋಡಿ, ನಾಲ್ಕೂ ಕಡೆ ಗೋಡೆಯಿದೆ, ಬಾಗಿಲೂ ಇದೆ. ಕುರ್ಚಿ ಇಲ್ಲವೆಂಬುದೇ ದೋಷವಾದರೆ ಎರಡು ಕುರ್ಚಿಯನ್ನೂ ಕಾಗದದ ಡಬ್ಬಿಯನ್ನೂ ಅಂಬಣ್ಣ ಹೊತ್ತು ತಂದು ಒಳಗೆ ಜೋಡಿಸಲು ಸಿದ್ಧನಿದ್ದಾನೆ, ಮೆಟ್ರೋದವರನ್ನು ತಾವು ಒಪ್ಪಿಸಿದರೆ ಸಾಕು. ಅದೂ ಆಗದಿದ್ದರೆ ಲಿಫ್ಟನ್ನೇ ಕಿತ್ತು ನನ್ನ ನೆಲಮಹಡಿಗೆ ತರಿಸಿಕೊಡಬೇಕು. ಮುಂದೆ ಬರುವ ವಿದ್ಯಾರ್ಥಿಗಳಿಗೆ ಗಂಟೆಯೇ ಮುಖ್ಯವೆಂದಾದರೆ ಹೆದರಬೇಡಿ, ನನ್ನನ್ನು ತಮ್ಮ ವಿಭಾಗದ ದುಃಖ ನಿರ್ದೇಶಕನನ್ನಾಗಿ ನೇಮಿಸಿ. ಏಕಾಂಕ ಬೇಕೋ, ಮೂರು ಅಂಕ ಬೇಕೋ, ಹಾರ್ಮೋನಿಯಂ ಸಮೇತ ಬೇಕೋ ಹೇಳಿದರೆ ಸಾಕು, ತಮಗೆ ಇಷ್ಟವಾಗುವಂತೆಯೇ ಅಳಿಸಿ ಕಳಿಸುತ್ತೇನೆ. ಮತ್ತು ಭೀಮು ಕುಡಿಯುವುದಿಲ್ಲವೆಂದು ಆಟೋಗೆ ಮೈಕು ಕಟ್ಟಿಸಿ ನಮ್ಮ ಬೀದಿಯಲ್ಲಿ ತಾವೇ ಸಾರಬೇಕು. ಏಕೆಂದರೆ ಈ ಪತ್ರದಲ್ಲಿ ಜಟ್ಟೆಮ್ಮನ ವಿಷಯ ಬರೆಯಲು ಅವಳ ಅಪ್ಪಣೆ ಕೇಳಿದಾಗ ಅವಳು ಹಾಕಿದ ಷರತ್ತು ಅದೊಂದೇ, ಗಂಡನ ಮಾನ ಮೊದಲು ತೊಳೆಯಬೇಕೆಂದು.

ಇವೆಲ್ಲ ಕಷ್ಟವೆನಿಸಿದರೆ ಒಂದು ಸುಲಭದ್ದಿದೆ. ಒಂದನೇ ತಾರೀಖಿನ ತನಕ ಸಂಜೆಗಳಲ್ಲಿ ರೇವತಿಯನ್ನು ಬಿಟ್ಟುಕೊಡಿ. ಗಂಟೆ ಕೊಡದಿದ್ದರೂ ಅಡ್ಡಿಯಿಲ್ಲ, ಅವಳನ್ನು ಕೊಡಿ. ಗಿಡಗಳಿಗೆ ನೀರು ನಾನು ಹಾಕಿ ಬರುತ್ತೇನೆ.

ಗದೆಯನ್ನು ನೆಲಕ್ಕೂರಿ, ದನಿಯನ್ನು ಆದಷ್ಟೂ ತಗ್ಗಿಸಿ,

ತಮ್ಮ ವಿಶ್ವಾಸಿ,
ಮುನಿಆಂಜನಪ್ಪ
ಗರುಡಾಚಾರ್‌ಪಾಳ್ಯ

ವಿ.ಸೂ.: ಇದರ ಪ್ರತಿಯನ್ನು ನಮ್ಮ ಬೀದಿಯ ಹಾಲಿನ ಬೂತಿಗೆ ಅಂಟಿಸಿದೆ. ತಮ್ಮ ಪ್ರತಿಯನ್ನು ಅಂಚೆಗೆ ಹಾಕಲಿಲ್ಲ. ನಾನೇ ಕೊಡುತ್ತೇನೆಂದು ಜಟ್ಟೆಮ್ಮ ಇಸಿದುಕೊಂಡಳು, ಭೀಮುವನ್ನೂ ಜೊತೆಗೆ ಬರಗೊಡಲಿಲ್ಲ. ತಾವು ಇದನ್ನು ಓದುತ್ತಿದ್ದೀರೆಂದರೆ ಅವಳು ಐದನೆಯ ಮಹಡಿ ಮುಟ್ಟಿ ತಮ್ಮ ಮೇಜಿನ ಮುಂದೆ ನಿಂತಿದ್ದಾಳೆ ಎಂದಾಯಿತು. ಒಮ್ಮೆ ತಲೆಯೆತ್ತಿ ನೋಡಿ. ಏದುಸಿರು ಬಿಡುತ್ತಿದ್ದರೆ ಮೆಟ್ಟಿಲು ಹತ್ತಿ ಬಂದಿದ್ದಾಳೆ. ಏನೂ ಕೇಳದೆ ನೀರು ಕೊಟ್ಟು, ಅವಳು ಹೊರಡುವಾಗ ತಾವೇ ಎದ್ದು ಲಿಫ್ಟಿನ ಬಾಗಿಲ ತನಕ ಹೋಗಿ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಅದು ಆಪ್ತಸಮಾಲೋಚನೆಯಲ್ಲವೆಂದು ತಾವೇ ಬರೆದುಕೊಟ್ಟಿರುವುದರಿಂದ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಉಸಿರು ನೆಟ್ಟಗಿದ್ದು, ಹಣೆ ಮಾತ್ರ ಬೆವರಿದ್ದರೆ, ಒಬ್ಬಳೇ ಲಿಫ್ಟಿನಲ್ಲಿ ಬಂದಿದ್ದಾಳೆ. ಹಾಗಿದ್ದರೆ ಕೂಡಲೇ ರೇವತಿಗೆ ತಾವೇ ಫೋನ್ ಮಾಡಿ ತಿಳಿಸಬೇಕು. ನಾವು ತಿಳಿಸಿದರೆ ಅವಳು ನಾಟಕವೆಂದುಕೊಂಡಾಳು.