ಕಪಾಟು ತೆರೆಯುವ ದೃಶ್ಯ

ಕೆಲವು ಆಸೆಗಳನ್ನು ಬಾಯಿಬಿಟ್ಟು ಹೇಳಲು ಪ್ರಾಯವೇ ಅಡ್ಡ ಬರುತ್ತದೆ. ಮೊನ್ನೆ ಮೊನ್ನೆಯವರೆಗೆ ಶಾಲೆಯಲ್ಲಿ ವ್ಯಾಕರಣವನ್ನು ಕಲಿಸಿ ಸ್ವಯಂನಿವೃತ್ತಿ ಪಡೆದ ನನ್ನಂಥವನು, ಐವತ್ತಮೂರರಲ್ಲಿ, ‘ಹೆಂಡತಿ ಒಮ್ಮೆ ನನ್ನ ಕೈ ಹಿಡಿಯಲಿ’ ಎಂದು ಹೇಗೆ ಕೇಳಿಯಾನು? ಆದ್ದರಿಂದ ನಾನು ದೆವ್ವದ ನೆರವನ್ನು ಪಡೆಯಲು ನಿಶ್ಚಯಿಸಿದೆ.

ಹಿನ್ನೆಲೆಯನ್ನು ಕ್ರಮವಾಗಿ ನಿವೇದಿಸುತ್ತೇನೆ. ಮದುವೆಯಾದ ಹೊಸತರಲ್ಲಿ ನಾವು ಕೋಟೇಶ್ವರದಿಂದ ಕುಂದಾಪುರಕ್ಕೆ ಸಿನಿಮಾ ನೋಡಲು ಹೋಗಿದ್ದೆವು. ನಾವು ಎಂದರೆ ಮೂವರು. ಹೊಸ ಜೋಡಿ ತಾವಿಬ್ಬರೇ ಹೋದರೆ ಕಂಡವರು ಏನೆಂದಾರು ಎಂದು, ಮದುವೆಯಾಗದೆ ನಮ್ಮ ಮನೆಯಲ್ಲೇ ಉಳಿದಿದ್ದ ಅಪ್ಪನ ತಂಗಿ ಶಾರದತ್ತೆಯನ್ನು ಜೊತೆಗೆ ಕಳುಹಿಸಿದ್ದರು. ಪಾಳುಬಂಗಲೆಯ ಕಪ್ಪುಬಿಳುಪು ಚಿತ್ರ, ಅಂದಿಗೇ ಹಳೆಯದು. ಮಧ್ಯಂತರದಲ್ಲಿ ಕಡಲೆ ತರಲು ಹೋದವನು ದೀಪ ಆರಿದ ಮೇಲೆ ತಡವರಿಸುತ್ತ ಬಂದು ಕುಳಿತೆ. ತೆರೆಯ ಮೇಲೆ ಕಪಾಟೊಂದು ತಾನಾಗಿ ತೆರೆಯಿತು. ಪಕ್ಕದಲ್ಲಿ ಗಾಜಿನ ಬಳೆಗಳ ಸದ್ದಾಯಿತು. ಬೆವೆತ ಕೈಯೊಂದು ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು. ಬಸ್ಸು ತಪ್ಪೀತೆಂದು, ‘ಶುಭಂ’ ಮೂಡುವ ಮೊದಲೇ ಎದ್ದು ನಾನು ಬಾಗಿಲಿಗೆ ಧಾವಿಸುವವರೆಗೂ ಅದು ಬಿಡಲಿಲ್ಲ. ಆ ಬಿಗಿತವನ್ನು ಇಪ್ಪತ್ತಾರು ವರ್ಷ ಜೋಪಾನ ಮಾಡಿದ್ದೇನೆ.

ಕಳೆದ ಭಾನುವಾರ ಮಧ್ಯಾಹ್ನ ಅದೇ ಚಿತ್ರ ಅಂತರ್ಜಾಲದಲ್ಲಿ ಸಿಕ್ಕಿತು; ಟಿವಿಗೆ ಹಾಕಿದೆ. ಪರದೆಗಳನ್ನೆಲ್ಲ ಎಳೆದು ಹೆಂಡತಿ ವನಜಳನ್ನು ಕರೆದೆ. ಅವಳು ಪಲ್ಯಕ್ಕೆ ಮುರಿಯಲೆಂದು ಅಲಸಂಡೆಕಾಯಿಯ ಬುಟ್ಟಿಯೊಡನೆ ಬಂದು ನೆಲದ ಮೇಲೆ ಕುಳಿತಳು.

“ಹ್ವಾಯ್, ಆ ಹೆಂಗ್ಸಿಗೆ ಮೆಟ್ಲ್ ಹತ್ತುಕೆ ಎಷ್ಟ್ ಹೊತ್ತ್ ಬೇಕ್ ಮಾರ್ರೆ? ಅಷ್ಟ್ರೊಳಗ್ ನಾ ತಲ್ಲೂರಿಗ್ ಹೋಯಿ ಬತ್ತಿದ್ದೆ.”

“ರಹಸ್ಯವು ನಿಧಾನವಾಗಿಯೇ ಬೆಳೆಯಬೇಕು,” ಎಂದೆ.

“ಕಾದ್ ಕಾದ್ ದೆವ್ವಕ್ಕೇ ನಿದ್ರಿ ಬಂದಿರತ್ತ್.”

ಕಪಾಟಿನ ದೃಶ್ಯ ಸಮೀಪಿಸಿತು. ಅವಳಿಗೆ ನೆನಪಾಗಲೆಂದು ನಾನೇ ಹೇಳಿದೆ: “ಇಲ್ಲಿ ನೀನು ಎಷ್ಟು ಹೆದರಿದ್ದೆ! ನನ್ನ ಕೈಯನ್ನು ಬಿಡಲೇ ಇಲ್ಲ.”

“ನಾನಾ?” ವನಜ ರಿಮೋಟು ಒತ್ತಿ ಚಿತ್ರವನ್ನು ನಿಲ್ಲಿಸಿದಳು. “ಎದ್ರ್ ಕೂಕಂಡವ್ನ್ ತಲಿ ಅಡ್ಡ ಬತ್ತಿತ್ತಂದೇಳಿ, ನೀವ್ ಕಡ್ಲಿ ತರುಕ್ ಹೋದಾಗ್ಳೇ ನಾನೂ ಅತ್ತೆಯೂ ಜಾಗ ಬದಲ್ಸಿತ್ತ್. ನಿಮ್ಮ್ ಹತ್ರ ಕೂಕಂಡದ್ ಶಾರದತ್ತೆ!”

ಅವಳು ನಕ್ಕ ಭರಕ್ಕೆ ಬುಟ್ಟಿ ಮಗುಚಿತು. ನನಗೆ ನಗಲಾಗಲಿಲ್ಲ. ಶಾರದತ್ತೆ ತೀರಿಕೊಂಡು ಒಂಬತ್ತು ವರ್ಷ. ಮನೆಮಂದಿಗೆಲ್ಲ ಬಡಿಸಿದ, ನಮ್ಮೆಲ್ಲರ ಜ್ವರದ ಹಣೆಗಳನ್ನು ಮುಟ್ಟಿ ನೋಡಿದ ಆ ಕೈಯನ್ನು ಯಾರಾದರೂ ಹಿಡಿದದ್ದನ್ನು ನಾನು ಕಂಡವನಲ್ಲ. ಆ ಒಂದು ಕತ್ತಲಲ್ಲಿ ಅದಕ್ಕೆ ಸಿಕ್ಕಿದ್ದು ನನ್ನ ಕೈ; ನಾನೋ, ಅದರ ಮೇಲೆ ಇನ್ನೊಬ್ಬರ ಹೆಸರನ್ನು ಬರೆದಿಟ್ಟಿದ್ದೆ.

ನನ್ನ ಮುಖವನ್ನು ನೋಡಿ ವನಜ ನಗುವನ್ನು ನಿಲ್ಲಿಸಿದಳು. ಬುಟ್ಟಿಯೊಡನೆ ಎದ್ದು ಬಂದು ಪಕ್ಕದಲ್ಲಿ ಕುಳಿತಳು. “ಅತ್ತೆಗೆ ಭಾರಿ ಹೆದ್ರಿಕಿ ಆಯಿತ್ತ್ ಕಾಣಿ. ಆದ್ರೂ ಮರ್ದಿನವೇ, ಇನ್ನೊಂದ್ ಸಿನಿಮಾಕ್ ಹೋಪ ಅಂದ್ರ್.”

“ಹೋದೆವೇ?”

“ಎಲ್ಲಿ? ನಿಮ್ಗ್ ಪರೀಕ್ಷಿ ಪೇಪರ್ ತಿದ್ದುಕಿತ್ತಲ್ದಾ.”

ಚಿತ್ರ ಮುಂದುವರಿಯಿತು. ಕಪಾಟು ತೆರೆಯಿತು. ಬಳೆಗಳ ಸದ್ದಾಗಲಿಲ್ಲ. ಕೊನೆಗೆ ನಾನೇ ಕೈ ಹಿಡಿದೆ.

“ಎಂತ, ಹೆದ್ರಿಕಿ ಆಯ್ತಾ?”

“ಹೌದು,” ಎಂದೆ. ಮಕ್ಕಳ ಸುಳ್ಳು ರಜಾಚೀಟಿಗಳನ್ನು ಒಂದೇ ನೋಟಕ್ಕೆ ಪತ್ತೆಹಚ್ಚುತ್ತಿದ್ದವನ ಬಾಯಿಂದ ಹಸಿ ಸುಳ್ಳು.

“ಒಂದ್ ಕೈಯಗೆ ಅಲಸಂಡಿ ಮುರುಕಾತ್ತಿಲ್ಲೆ,” ಎಂದಳು. ಕೈಯನ್ನು ಮಾತ್ರ ಎಳೆದುಕೊಳ್ಳಲಿಲ್ಲ. ಉಳಿದದ್ದನ್ನು ಅವಳದೊಂದು ಕೈ, ನನ್ನದೊಂದು ಕೈ ಸೇರಿ ಮುರಿದವು. ಆ ಪಲ್ಯದಲ್ಲಿ ಒಂದು ತುಂಡಿನಂತೆ ಇನ್ನೊಂದು ಇರಲಿಲ್ಲ. ಅಳತೆ ತಪ್ಪಿದ ತುಂಡುಗಳನ್ನು ಬಟ್ಟಲಿನ ಅಂಚಿಗೆ ಸರಿಸಿಡುವುದು ನನ್ನ ಅಭ್ಯಾಸ. ಅಂದು ಎರಡು ಸಲ ಬಡಿಸಿಕೊಂಡೆ.